ಸೆರೆಮನೆಯನ್ನು ಸಾಕ್ಷ್ಯಚಿತ್ರಗಳ ಮೂಲಕ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಾಜಶಾಸ್ತ್ರ, ಅಪರಾಧಶಾಸ್ತ್ರ, ಕಾನೂನು, ಸಮಾಜಕಾರ್ಯ, ಮಾಧ್ಯಮ ಅಧ್ಯಯನ ಮೊದಲಾದ ವಿಷಯಗಳ ಪದವಿ ತರಗತಿಗಳಲ್ಲಿ ಸೆರೆಮನೆಯ ಬಗ್ಗೆ ಪಾಠ ಮಾಡುವ ಅಧ್ಯಾಪಕರು ಸಾಕ್ಷ್ಯಚಿತ್ರಗಳ ಬಳಕೆಯ ಕುರಿತು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹಲವು ವರ್ಷ ಈ ಪಾಠ ಮಾಡಿ, ಕೆಲವೆಡೆ ಎಡವಿ, ತಿದ್ದಿಕೊಂಡ ಮೇಲೆ ಬರೆದ ಉತ್ತರಗಳಿವು.

ಪುಸ್ತಕ, ವರದಿ, ಅಂಕಿಅಂಶಗಳು ಇರುವಾಗ ಸಾಕ್ಷ್ಯಚಿತ್ರ ಏಕೆ ಬೇಕು?

ಜಗತ್ತಿನ ಸೆರೆಮನೆಗಳಲ್ಲಿ ಇಂದು 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ ಎಂದು ಕಪ್ಪುಹಲಗೆಯ ಮೇಲೆ ಬರೆದರೆ, ವಿದ್ಯಾರ್ಥಿಗಳು ಅದನ್ನು ಟಿಪ್ಪಣಿಗೆ ಇಳಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಸಂಖ್ಯೆ ಬೇಕೇಬೇಕು, ಆದರೆ ಸೆರೆವಾಸವು ಮೂಲತಃ ಮನುಷ್ಯನ ಕಾಲವನ್ನು ಕಿತ್ತುಕೊಳ್ಳುವ ಶಿಕ್ಷೆಯಾಗಿರುವುದರಿಂದ, ಆ ಕಾಲ ಒಳಗೆ ಹೇಗೆ ಸವೆಯುತ್ತದೆ ಎಂಬುದನ್ನು ಕೋಷ್ಟಕವೊಂದು ತಿಳಿಸಿಕೊಡಲಾರದು. ತಲೆಯೆಣಿಕೆಗೆ ಸಾಲುಗಟ್ಟಿ ನಿಲ್ಲುವುದು, ಒಂದು ಬಾಗಿಲು ಮುಚ್ಚಿಕೊಳ್ಳುವವರೆಗೆ ಇನ್ನೊಂದು ತೆರೆಯದೆ ನಡುವಿನ ಜಾಗದಲ್ಲಿ ಕಾಯುವುದು, ಭೇಟಿಯ ಹೊತ್ತು ಮುಗಿಯಿತೆಂಬ ಕೂಗಿಗೆ ಮಾತು ಅರ್ಧಕ್ಕೆ ನಿಲ್ಲುವುದು, ಇವೆಲ್ಲವನ್ನೂ ಸಿನಿಮಾ ತೋರಿಸಬಲ್ಲುದು, ಕೇಳಿಸಬಲ್ಲುದು, ಮುಖ್ಯವಾಗಿ ನೋಡುವವರನ್ನು ಕಾಯಿಸಬಲ್ಲುದು.

ಹಾಗೆಂದು ಸಾಕ್ಷ್ಯಚಿತ್ರವನ್ನು ಸೆರೆಮನೆಯ ಕಿಟಕಿ ಎಂದುಕೊಂಡು ತರಗತಿಗೆ ತರಬಾರದು. ಸೆರೆಮನೆ ಇರುವುದೇ ಹೊರಗಿನ ಕಣ್ಣನ್ನು ತಡೆಯುವ ಗೋಡೆಯ ಒಳಗೆ. ಆ ಬಾಗಿಲು ಕ್ಯಾಮೆರಾಕ್ಕೆ ಎಷ್ಟು ತೆರೆದುಕೊಂಡಿತೋ ಅಷ್ಟು ಮಾತ್ರ ತರಗತಿಗೆ ಬರುತ್ತದೆ. ಆದ್ದರಿಂದ ಯಾವ ಚಿತ್ರವನ್ನು ತೋರಿಸಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಬಾಗಿಲು ತೆರೆದವರು ಯಾರು, ಮತ್ತು ಏತಕ್ಕಾಗಿ ತೆರೆದರು?

ಪಾಠವನ್ನು ಯಾವ ಚಿತ್ರದಿಂದ ಪ್ರಾರಂಭಿಸುವುದು ಒಳ್ಳೆಯದು?

ನಾನು 1901ರ ಒಂದು ಪುಟ್ಟ ಚಿತ್ರದಿಂದ ಪ್ರಾರಂಭಿಸುತ್ತೇನೆ. ಅಮೆರಿಕದ ಅಧ್ಯಕ್ಷ ವಿಲಿಯಂ ಮೆಕಿನ್ಲಿಯನ್ನು ಕೊಂದ ಲಿಯಾನ್ ಚೋಲ್ಗೋಶ್‌ಗೆ ಆ ವರ್ಷದ ಅಕ್ಟೋಬರ್ 29ರಂದು ನ್ಯೂಯಾರ್ಕ್ ರಾಜ್ಯದ ಆಬರ್ನ್ ಸೆರೆಮನೆಯಲ್ಲಿ ಮರಣದಂಡನೆಯಾಯಿತು. ಎಡಿಸನ್ ಕಂಪನಿಗೆ ಒಳಗೆ ಚಿತ್ರೀಕರಿಸಲು ಅನುಮತಿ ಸಿಗಲಿಲ್ಲ. ಅದರ ಕ್ಯಾಮೆರಾ ಸೆರೆಮನೆಯ ಹೊರಗೋಡೆಯನ್ನು ಉದ್ದಕ್ಕೂ ತೋರಿಸಿತು. ಬಳಿಕ ಎಡ್ವಿನ್ ಎಸ್. ಪೋರ್ಟರ್ ಒಳಗಿನ ದೃಶ್ಯಗಳನ್ನು ನಟರನ್ನಿಟ್ಟು ಕಟ್ಟಿ, ಎರಡನ್ನೂ ಒಂದಕ್ಕೊಂದು ಸೇರಿಸಿದರು. ಇಡೀ ಚಿತ್ರ ಕೆಲವೇ ನಿಮಿಷಗಳದ್ದು.

ಮೊದಲ ಸಲ ಯಾವ ವಿವರಣೆಯನ್ನೂ ಕೊಡದೆ ಇದನ್ನು ತೋರಿಸುತ್ತೇನೆ. ಇದರಲ್ಲಿ ಸಾವಿನ ದೃಶ್ಯವಿದೆ ಎಂಬುದನ್ನು ಮಾತ್ರ ಮುಂಚೆಯೇ ತಿಳಿಸುತ್ತೇನೆ. ಎರಡನೆಯ ಸಲ ತೋರಿಸುವಾಗ, ಎಲ್ಲಿಯವರೆಗೆ ನಿಜವಾದ ಸ್ಥಳವಿದೆ, ಎಲ್ಲಿಂದ ಅಭಿನಯ ಪ್ರಾರಂಭವಾಗುತ್ತದೆ ಎಂದು ಗುರುತಿಸಲು ಹೇಳುತ್ತೇನೆ. ಹೊರಗಿನ ಗೋಡೆ ನಿಜವಾದದ್ದು ಎಂಬ ನಂಬಿಕೆಯ ಬಲದಿಂದಲೇ ಒಳಗಿನ ಕೃತಕ ದೃಶ್ಯವೂ ನಿಜವಾಗಿ ಕಾಣುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ನೂರು ವರ್ಷಕ್ಕೂ ಹಿಂದಿನ ಈ ಜೋಡಣೆಯ ಕ್ರಮ ಇಂದಿನ ಅನೇಕ ಸೆರೆಮನೆ ಚಿತ್ರಗಳಲ್ಲಿಯೂ ಉಳಿದಿರುವುದರಿಂದ, ಈ ಒಂದು ಅಭ್ಯಾಸ ಇಡೀ ಅವಧಿಯುದ್ದಕ್ಕೂ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಮರುಸೃಷ್ಟಿಸಿದ ದೃಶ್ಯಗಳಿರುವ ಚಿತ್ರಗಳನ್ನು ದೂರವಿಡಬೇಕೆ?

ಬೇಕಾಗಿಲ್ಲ. ಎರಲ್ ಮಾರಿಸ್ ಅವರ 1988ರ ‘ದ ಥಿನ್ ಬ್ಲೂ ಲೈನ್’ ಚಿತ್ರದಲ್ಲಿ ಡಲ್ಲಾಸ್‌ನ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯ ದೃಶ್ಯವು ಬೇರೆ ಬೇರೆ ಹೇಳಿಕೆಗಳಿಗೆ ತಕ್ಕಂತೆ ಬದಲಾಗುತ್ತಾ ಮತ್ತೆ ಮತ್ತೆ ಬರುತ್ತದೆ. ಒಂದು ಮರುಸೃಷ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದದಿರುವುದೇ ಅಲ್ಲಿಯ ವಾದ. ಆ ಚಿತ್ರ ಬಂದ ಮೇಲೆ ಪ್ರಕರಣವನ್ನು ಮತ್ತೆ ಪರಿಶೀಲಿಸಲಾಯಿತು, ಮತ್ತು ಶಿಕ್ಷೆ ಅನುಭವಿಸುತ್ತಿದ್ದ ರ್‍ಯಾಂಡಲ್ ಡೇಲ್ ಆಡಮ್ಸ್ 1989ರಲ್ಲಿ ಬಿಡುಗಡೆಯಾದರು. ಇಲ್ಲಿ ಅಭಿನಯವು ತನ್ನನ್ನು ಅಭಿನಯವೆಂದೇ ತೋರಿಸಿಕೊಳ್ಳುತ್ತದೆ. 1901ರ ಚಿತ್ರದ ಪಕ್ಕದಲ್ಲಿ ಇದನ್ನಿಟ್ಟರೆ ವ್ಯತ್ಯಾಸ ತಾನಾಗಿಯೇ ಎದ್ದು ಕಾಣುತ್ತದೆ.

ಕೈದಿಗಳನ್ನು ಚಿತ್ರೀಕರಿಸುವಾಗ ಅವರ ಒಪ್ಪಿಗೆಗೆ ಏನು ಬೆಲೆ? ಇದನ್ನು ತರಗತಿಯಲ್ಲಿ ಹೇಗೆ ಚರ್ಚಿಸಬೇಕು?

ಈ ಪ್ರಶ್ನೆಗೆ ಒಂದು ವಾರವನ್ನೇ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಫ್ರೆಡರಿಕ್ ವೈಸ್‌ಮನ್ ಅವರ ‘ಟಿಟಿಕಟ್ ಫಾಲೀಸ್’ (1967) ಚಿತ್ರಕ್ಕಿಂತ ತಕ್ಕದ್ದು ನನಗೆ ಸಿಕ್ಕಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಜ್‌ವಾಟರ್‌ನಲ್ಲಿ, ಅಪರಾಧದ ಆರೋಪ ಹೊತ್ತ ಮನೋರೋಗಿಗಳನ್ನು ಇರಿಸುತ್ತಿದ್ದ ಸಂಸ್ಥೆಯೊಂದರಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರವದು. ನಿರೂಪಕನ ದನಿಯಿಲ್ಲ, ಸಂದರ್ಶನಗಳಿಲ್ಲ. ಬೆತ್ತಲೆಯಾಗಿ ನಿಲ್ಲಿಸಲ್ಪಟ್ಟವರು, ಕೆಣಕಿಸಿಕೊಂಡು ಕೂಗಾಡುವವರು, ಮೂಗಿನ ಮೂಲಕ ಬಲವಂತವಾಗಿ ಆಹಾರ ಇಳಿಸಿಕೊಳ್ಳುವ ಒಬ್ಬ ಮುದುಕ, ಹೀಗೆ ಒಬ್ಬೊಬ್ಬರೂ ನಮ್ಮ ಮುಂದೆ ಬರುತ್ತಾರೆ.

ಚಿತ್ರ ಸಾರ್ವಜನಿಕರ ಮುಂದೆ ಬರುವ ಹೊತ್ತಿಗೆ ರಾಜ್ಯ ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿದ್ದವರ ಖಾಸಗಿತನಕ್ಕೆ ಧಕ್ಕೆಯಾಗಿದೆ ಎಂಬುದು ಅದು ಮುಂದಿಟ್ಟ ಕಾರಣ. 1968ರಲ್ಲಿ ನ್ಯಾಯಾಧೀಶರೊಬ್ಬರು ಚಿತ್ರದ ಪ್ರತಿಗಳನ್ನೇ ನಾಶಪಡಿಸುವಂತೆ ಆದೇಶಿಸಿದರು. 1969ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಸಡಿಲಿಸಿ, ವೈದ್ಯರು, ವಕೀಲರು, ನ್ಯಾಯಾಧೀಶರು, ಸಮಾಜಕಾರ್ಯಕರ್ತರು ಮತ್ತು ಇಂತಹ ವಿಷಯಗಳ ವಿದ್ಯಾರ್ಥಿಗಳು ಮಾತ್ರ ನೋಡಬಹುದೆಂದಿತು. ಸಾರ್ವಜನಿಕ ಪ್ರದರ್ಶನದ ಮೇಲಿನ ನಿರ್ಬಂಧ ತೆರವಾದದ್ದು 1991ರಲ್ಲಿ. ಅಂದರೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮ ವಿದ್ಯಾರ್ಥಿಗಳಂಥವರಿಗೆ ಕಾನೂನು ಈ ಚಿತ್ರವನ್ನು ನೋಡಲು ಬಿಟ್ಟಿತ್ತು, ಅದರಲ್ಲಿ ಕಾಣಿಸಿಕೊಂಡವರ ನೆರೆಹೊರೆಯವರಿಗೆ ಬಿಟ್ಟಿರಲಿಲ್ಲ. ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಿಳಿಸಿ, ಅದು ನ್ಯಾಯವೇ ಎಂದು ಕೇಳಿದರೆ ಚರ್ಚೆ ಸುಲಭದಲ್ಲಿ ಮುಗಿಯುವುದಿಲ್ಲ.

ಇಲ್ಲಿ ಎರಡು ಪಕ್ಷಗಳಿಗೂ ಬಲವಿದೆ. ಸಂಸ್ಥೆಯೊಳಗಿದ್ದ, ಮನಸ್ಸು ಸ್ವಾಸ್ಥ್ಯದಲ್ಲಿಲ್ಲದ ಮನುಷ್ಯನಿಂದ ಪಡೆದ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಯಾರೂ ತಳ್ಳಿಹಾಕಲಾಗದು. ಅವರ ಬೆತ್ತಲನ್ನು ನೋಡುತ್ತಾ ಕುಳಿತ ನಾವೂ ಅದಕ್ಕೆ ಉತ್ತರ ಕೊಡಬೇಕಾದವರೇ. ಇನ್ನೊಂದೆಡೆ, ತನ್ನ ವಶದಲ್ಲಿದ್ದವರನ್ನು ಹಾಗೆ ನಡೆಸಿಕೊಂಡ ವ್ಯವಸ್ಥೆಯೇ ಅವರ ಮಾನದ ಹೆಸರಿನಲ್ಲಿ ಚಿತ್ರವನ್ನು ಮುಚ್ಚಿಡಲು ಹೊರಟಿತು. ನಾನು ಎರಡನೆಯ ವಾದದ ಕಡೆಗೆ ವಾಲುತ್ತೇನೆ, ಅದನ್ನು ವಿದ್ಯಾರ್ಥಿಗಳಿಂದ ಮರೆಮಾಡುವುದೂ ಇಲ್ಲ. ಆದರೆ ಮೊದಲನೆಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸಬಲ್ಲ ವಿದ್ಯಾರ್ಥಿ ಸಿಕ್ಕಿದಾಗಲೆಲ್ಲ ತರಗತಿ ಹೆಚ್ಚು ಕಲಿತಿದೆ. ಒಂದು ಮಾತನ್ನು ಸೇರಿಸಬೇಕು: 1966ರಿಂದೀಚೆಗೆ ಸಂಸ್ಥೆಯಲ್ಲಿ ಬದಲಾವಣೆಗಳೂ ಸುಧಾರಣೆಗಳೂ ಆಗಿವೆ ಎಂಬ ವಿವರಣೆಯನ್ನು ಚಿತ್ರಕ್ಕೆ ಸೇರಿಸಲು ನ್ಯಾಯಾಲಯ ಆದೇಶಿಸಿತ್ತು. ಚಿತ್ರದ ಕೊನೆಯಲ್ಲಿ ಆ ಬರಹ ಬರುವಾಗ ದೀಪ ಹಾಕಬೇಡಿ; ಬಾಗಿಲು ತೆರೆದ ರಾಜ್ಯವೇ ತನ್ನ ನ್ಯಾಯಾಲಯದ ಮೂಲಕ ಕೊನೆಯ ಮಾತನ್ನೂ ಬರೆಸಿದ ಅಪರೂಪದ ನಿದರ್ಶನ ಅದು.

ಬಾಗಿಲನ್ನು ಕೈದಿಗಳೇ ತೆರೆದ ಉದಾಹರಣೆ ಇದೆಯೆ?

ಇದೆ. 1971ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಆಟಿಕಾ ಸೆರೆಮನೆಯಲ್ಲಿ ಬಂಡೆದ್ದ ಕೈದಿಗಳು ಸಂಧಾನಕ್ಕೆ ಸಾಕ್ಷಿಗಳಾಗಿ ಹೊರಗಿನ ವೀಕ್ಷಕರನ್ನೂ ಪತ್ರಕರ್ತರನ್ನೂ ಒಳಗೆ ಬಿಡಬೇಕೆಂದು ಪಟ್ಟುಹಿಡಿದರು. ಹಾಗಾಗಿ ಟೆಲಿವಿಷನ್ ಕ್ಯಾಮೆರಾಗಳು ಅಂಗಳದೊಳಕ್ಕೆ ಬಂದವು. ಸೆಪ್ಟೆಂಬರ್ 13ರಂದು ರಾಜ್ಯದ ಪಡೆಗಳು ಗುಂಡುಹಾರಿಸಿ ಸೆರೆಮನೆಯನ್ನು ಮರಳಿ ವಶಪಡಿಸಿಕೊಂಡಾಗ 29 ಕೈದಿಗಳೂ, ಅವರು ಹಿಡಿದಿಟ್ಟುಕೊಂಡಿದ್ದ 10 ಒತ್ತೆಯಾಳುಗಳೂ ಸತ್ತರು. ಒತ್ತೆಯಾಳುಗಳ ಕತ್ತನ್ನು ಕೈದಿಗಳೇ ಕೊಯ್ದರೆಂದು ಅಧಿಕಾರಿಗಳು ಮೊದಲು ಹೇಳಿದರು, ಪತ್ರಿಕೆಗಳೂ ಹಾಗೆಯೇ ಬರೆದವು; ಮರಣೋತ್ತರ ಪರೀಕ್ಷೆಯಿಂದ ಅವರು ಸತ್ತದ್ದು ಗುಂಡೇಟಿನಿಂದ ಎಂದು ಗೊತ್ತಾಯಿತು. ಗುಂಡು ಹಾರಿಸಿದವರು ಸರ್ಕಾರದ ಪಡೆಯವರು.

ಈ ಘಟನೆಯ ಮೇಲೆ ಸಿಂಡಾ ಫೈರ್‌ಸ್ಟೋನ್ ಅವರ 1974ರ ಚಿತ್ರವೂ ಸ್ಟ್ಯಾನ್ಲಿ ನೆಲ್ಸನ್ ಅವರ 2021ರ ಚಿತ್ರವೂ ಇವೆ. ಎರಡರಿಂದಲೂ ತುಣುಕುಗಳನ್ನು ಆಯ್ದು, ಘಟನೆ ಹಸಿಯಾಗಿದ್ದಾಗ ಮಾತಾಡಿದವರ ದನಿಗೂ ಐವತ್ತು ವರ್ಷಗಳ ನಂತರ ನೆನಪಿಸಿಕೊಂಡವರ ದನಿಗೂ ಇರುವ ಅಂತರವನ್ನು ಗಮನಿಸಲು ಹೇಳಬಹುದು. ನೆನಪನ್ನು ಸಾಕ್ಷ್ಯವಾಗಿ ಬಳಸುವುದು ಹೇಗೆಂಬ ಪಾಠಕ್ಕೆ ಇದಕ್ಕಿಂತ ಬೇರೆ ಸಾಮಗ್ರಿ ಬೇಕಿಲ್ಲ.

ಚಿತ್ರ ಹೇಳುವುದನ್ನೆಲ್ಲ ವಿದ್ಯಾರ್ಥಿಗಳು ನಂಬಿಬಿಟ್ಟರೆ?

ನಂಬುತ್ತಾರೆ, ಚೆನ್ನಾಗಿ ಮಾಡಿದ ಚಿತ್ರವಾದರೆ ಅಧ್ಯಾಪಕರೂ ನಂಬುತ್ತಾರೆ. 1978ರ ‘ಸ್ಕೇರ್ಡ್ ಸ್ಟ್ರೇಟ್!’ ಎಂಬ ಚಿತ್ರವನ್ನು ನೋಡಿ. ನ್ಯೂಜೆರ್ಸಿಯ ರಾವೇ ಸೆರೆಮನೆಯಲ್ಲಿ ದೀರ್ಘ ಶಿಕ್ಷೆಯ ಕೈದಿಗಳು, ತಪ್ಪುದಾರಿಗಿಳಿದ ಹದಿಹರೆಯದವರ ಮುಂದೆ ನಿಂತು ಕಿರುಚಿ, ಬೆದರಿಸಿ, ಒಳಗಿನ ಬದುಕಿನ ಭಯವನ್ನು ಅವರಲ್ಲಿ ತುಂಬುತ್ತಾರೆ. ಇದರಿಂದ ಹುಡುಗರು ಸರಿದಾರಿಗೆ ಬರುತ್ತಾರೆಂಬುದು ಚಿತ್ರದ ಪ್ರತಿಪಾದನೆ. ಅದಕ್ಕೆ ಆಸ್ಕರ್ ಪ್ರಶಸ್ತಿ ಬಂತು, ಅದನ್ನು ನೋಡಿ ಹಲವೆಡೆ ಇಂತಹ ಕಾರ್ಯಕ್ರಮಗಳು ಪ್ರಾರಂಭವಾದವು.

ಆದರೆ ಅದೇ ನ್ಯೂಜೆರ್ಸಿಯ ಕಾರ್ಯಕ್ರಮವನ್ನು ಪರೀಕ್ಷಿಸಿದ ಅಪರಾಧಶಾಸ್ತ್ರಜ್ಞ ಜೇಮ್ಸ್ ಫಿಂಕೆನಾವರ್ ಅವರಿಗೆ ಚಿತ್ರದ ಮಾತಿಗೆ ಆಧಾರ ಸಿಗಲಿಲ್ಲ. ಮುಂದೆ ಇಂತಹ ಕಾರ್ಯಕ್ರಮಗಳ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ಭಾಗವಹಿಸಿದ ಹುಡುಗರು ಭಾಗವಹಿಸದವರಿಗಿಂತ ಹೆಚ್ಚಾಗಿ ಅಪರಾಧಕ್ಕಿಳಿದದ್ದು ಕಂಡುಬಂತು. ಸುಮ್ಮನಿದ್ದಿದ್ದರೆ ಆಗದಿದ್ದ ಹಾನಿ ಆಯಿತು ಎಂದರ್ಥ.

ಮೊದಲು ಚಿತ್ರವನ್ನು ಪೂರ್ತಿ ತೋರಿಸಿ, ಇಂತಹ ಕಾರ್ಯಕ್ರಮಕ್ಕೆ ಹಣ ಕೊಡಬೇಕೇ ಎಂದು ವಿದ್ಯಾರ್ಥಿಗಳಿಂದ ಗುಟ್ಟಾಗಿ ಮತ ಹಾಕಿಸಿ. ಮುಂದಿನ ತರಗತಿಯಲ್ಲಿ ಅಧ್ಯಯನಗಳನ್ನು ಓದಿಸಿದ ಮೇಲೆ ಚೀಟಿಗಳನ್ನು ಎಣಿಸಿ. ಹೌದು ಎಂದಿದ್ದವರನ್ನು ನಾಚಿಸುವುದು ಉದ್ದೇಶವಾಗಬಾರದು. ಭಯಗೊಂಡ ಹುಡುಗನ ಮುಖವನ್ನು ಹತ್ತಿರದಿಂದ ತೋರಿಸಿದ ದೃಶ್ಯ, ಮುಂದಿನ ಅವನ ಬದುಕನ್ನು ಹೇಗೆ ನಮ್ಮ ಕಣ್ಣಿನಿಂದ ಮರೆಸಿತು ಎಂದು ಕೇಳಿದರೆ ಸಾಕು.

ಸೆರೆಮನೆಯೊಳಗಿನ ದೃಶ್ಯಗಳೇ ಇಲ್ಲದ ಚಿತ್ರದಿಂದ ಏನು ಪ್ರಯೋಜನ?

ಬಹಳ ಪ್ರಯೋಜನವಿದೆ, ಮತ್ತು ಇದನ್ನು ಅನೇಕರು ಬಿಟ್ಟುಬಿಡುತ್ತಾರೆ. ಬ್ರೆಟ್ ಸ್ಟೋರಿ ಅವರ ‘ದ ಪ್ರಿಸನ್ ಇನ್ ಟ್ವೆಲ್ವ್ ಲ್ಯಾಂಡ್‌ಸ್ಕೇಪ್ಸ್’ (2016) ನಮ್ಮನ್ನು ಒಳಕ್ಕೆ ಕರೆದೊಯ್ಯುವುದೇ ಇಲ್ಲ. ಕಲ್ಲಿದ್ದಲ ಗಣಿಗಳು ಮುಚ್ಚಿಹೋಗಿ, ಸೆರೆಮನೆ ಬಂದರೆ ಕೆಲಸ ಸಿಕ್ಕೀತೆಂದು ಕಾಯುವ ಊರು. ಕೈದಿಗಳಿಗೆ ಕಳುಹಿಸಲು ನಿಯಮಗಳು ಒಪ್ಪುವ ವಸ್ತುಗಳನ್ನಷ್ಟೇ ಮಾರುವ ಅಂಗಡಿ. ದೂರದ ಸೆರೆಮನೆಗಳಿಗೆ ಕುಟುಂಬದವರನ್ನು ಕರೆದೊಯ್ಯಲು ರಾತ್ರಿ ಹೊರಡುವ ಬಸ್ಸು. ಕಾಳ್ಗಿಚ್ಚು ನಂದಿಸುವ ಕೆಲಸಕ್ಕೆ ಹಚ್ಚಲಾದ ಕೈದಿಗಳು: ಹೀಗೆ ಒಂದೊಂದು ಜಾಗದಲ್ಲೂ ಸೆರೆಮನೆ ತನ್ನ ಗೋಡೆಯಿಂದ ಎಷ್ಟು ಹೊರಕ್ಕೆ ಚಾಚಿಕೊಂಡಿದೆ ಎಂಬುದು ತಿಳಿಯುತ್ತದೆ.

ಗ್ಯಾರೆಟ್ ಬ್ರ್ಯಾಡ್ಲಿ ಅವರ ‘ಟೈಮ್’ (2020) ಇನ್ನೊಂದು ಬಗೆಯದು. ಅರವತ್ತು ವರ್ಷಗಳ ಶಿಕ್ಷೆಗೊಳಗಾದ ಗಂಡನಿಗಾಗಿ ಹೋರಾಡುತ್ತಾ ಮಕ್ಕಳನ್ನು ಬೆಳೆಸಿದ ಹೆಂಡತಿ ತಾನೇ ವರ್ಷಗಟ್ಟಲೆ ತೆಗೆದ ಮನೆಯ ವಿಡಿಯೊಗಳು ಅದರ ಜೀವಾಳ. ಮಕ್ಕಳು ಕಣ್ಣೆದುರೇ ಬೆಳೆದು ದೊಡ್ಡವರಾಗುತ್ತಾರೆ, ಅಪ್ಪ ಮಾತ್ರ ಚಿತ್ರದ ಬಹುಭಾಗದಲ್ಲಿ ಇಲ್ಲ. ಇಲ್ಲಿ ಕ್ಯಾಮೆರಾಕ್ಕೆ ಯಾವ ಅಧಿಕಾರಿಯ ಅನುಮತಿಯೂ ಬೇಕಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳೇ ಎತ್ತಿ ತೋರಿಸಿದ ದಿನ ನನಗೆ ಪಾಠ ಫಲಿಸಿತೆಂದು ಅನ್ನಿಸಿತ್ತು.

ಚಿತ್ರಗಳು ಕೈದಿಯ ಪಕ್ಷವನ್ನೇ ಹಿಡಿಯುತ್ತವೆ, ಅಪರಾಧದಿಂದ ನೊಂದವರ ಮಾತು ಎಲ್ಲಿದೆ ಎಂದು ವಿದ್ಯಾರ್ಥಿಗಳು ಕೇಳಿದರೆ?

ಅದು ನ್ಯಾಯವಾದ ಪ್ರಶ್ನೆ. ಕೇಳಿದವರನ್ನು ಕಠಿಣ ಹೃದಯದವರೆಂದು ಬಗೆಯಬಾರದು. ಎಷ್ಟೋ ಚಿತ್ರಗಳಲ್ಲಿ ನೊಂದವರು ಒಂದು ಹೆಸರಾಗಿ ಮಾತ್ರ ಬಂದುಹೋಗುತ್ತಾರೆ, ಕಾವಲು ಸಿಬ್ಬಂದಿ ಬೀಗದ ಕೈಗೊಂಚಲು ಹಿಡಿದ ಕೈಗಳಾಗಿ ಮಾತ್ರ ಕಾಣುತ್ತಾರೆ. ಯಾರು ಎಷ್ಟು ನಿಮಿಷ ಮಾತಾಡಿದರು, ಯಾರ ಹೆಸರು ತೆರೆಯ ಮೇಲೆ ಬಂತು, ಯಾರದು ಬರಲಿಲ್ಲ ಎಂದು ವಿದ್ಯಾರ್ಥಿಗಳಿಂದಲೇ ಪಟ್ಟಿ ಮಾಡಿಸಿ. ಆ ಪಟ್ಟಿಯ ಎದುರು ಚರ್ಚೆ ಆರೋಪಗಳನ್ನು ಬಿಟ್ಟು ಚಿತ್ರದ ಕಡೆಗೆ ತಿರುಗುತ್ತದೆ.

ತರಗತಿಯಲ್ಲಿ ಯಾರದಾದರೂ ಮನೆಯವರು ಸೆರೆಮನೆಯಲ್ಲಿದ್ದರೆ?

ಇದ್ದಾರೆಂದೇ ತಿಳಿದು ಪಾಠವನ್ನು ಸಿದ್ಧಪಡಿಸಿ. ನನ್ನ ಮೊದಲ ವರ್ಷಗಳಲ್ಲಿ ಕಠಿಣ ದೃಶ್ಯಗಳಿದ್ದ ಚಿತ್ರವೊಂದನ್ನು ಮುನ್ಸೂಚನೆಯಿಲ್ಲದೆ ತೋರಿಸಿದ್ದೆ. ನಡುವೆ ಒಬ್ಬ ವಿದ್ಯಾರ್ಥಿನಿ ಎದ್ದು ಹೊರಗೆ ಹೋದಳು. ಅವಳ ಹತ್ತಿರದ ಬಂಧುವೊಬ್ಬರು ಸೆರೆಮನೆಯಲ್ಲಿದ್ದರು. ಅದು ಯಾರಿಗೂ ತಿಳಿಯದಂತೆ ಅವಳು ಕಾಲೇಜಿನಲ್ಲಿ ಅಷ್ಟು ದಿನ ಎಚ್ಚರ ವಹಿಸಿದ್ದಳು. ಎದ್ದುಹೋದದ್ದರಿಂದಲೇ ಸಹಪಾಠಿಗಳು ಕಾರಣ ಕೇಳತೊಡಗಿದರು. ತಪ್ಪು ನನ್ನದು, ಅದಕ್ಕೆ ತೆತ್ತವಳು ಅವಳು.

ಬೇಕಾದವರು ಹೊರಗೆ ಹೋಗಬಹುದು ಎಂಬ ಘೋಷಣೆಯೂ ಸಾಲದು ಎಂದು ಅಂದು ಕಲಿತೆ, ಏಕೆಂದರೆ ಹೊರಗೆ ಹೋಗುವುದೇ ಗುಟ್ಟನ್ನು ಬಿಟ್ಟುಕೊಡುತ್ತದೆ. ಈಗ ಒಂದು ವಾರ ಮುಂಚೆ ಚಿತ್ರದ ಹೆಸರನ್ನೂ, ಯಾವ ಬಗೆಯ ದೃಶ್ಯಗಳು ಎಷ್ಟನೆಯ ನಿಮಿಷದಲ್ಲಿವೆ ಎಂಬುದನ್ನೂ ಬರವಣಿಗೆಯಲ್ಲಿ ಕೊಡುತ್ತೇನೆ. ಯಾರು ಬೇಕಾದರೂ, ಕಾರಣ ಹೇಳದೆ, ಚಿತ್ರವನ್ನು ಬೇರೆ ಹೊತ್ತಿನಲ್ಲಿ ಒಬ್ಬರೇ ನೋಡಬಹುದು ಅಥವಾ ಅದರ ಬದಲಿಗೆ ಲೇಖನವೊಂದನ್ನು ಓದಬಹುದು. ಇದು ಎಲ್ಲರಿಗೂ ತೆರೆದಿರುವ ಆಯ್ಕೆಯಾದ್ದರಿಂದ ಯಾರನ್ನೂ ಬೊಟ್ಟುಮಾಡಿ ತೋರಿಸುವುದಿಲ್ಲ. ತಮ್ಮ ಮನೆಯ ಅನುಭವವನ್ನು ಹಂಚಿಕೊಳ್ಳಿ ಎಂದು ಯಾರನ್ನೂ ತರಗತಿಯಲ್ಲಿ ಕೇಳಬೇಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಅದನ್ನು ಪಾಠದ ಉದಾಹರಣೆಯಾಗಿಸಬೇಡಿ.

ಚರ್ಚೆಯಲ್ಲಿ ಯಾವ ಪದಗಳನ್ನು ಬಳಸಬೇಕು?

ಸೆರೆಮನೆಯಲ್ಲಿರುವವರನ್ನೆಲ್ಲ ಅಪರಾಧಿಗಳೆಂದು ಕರೆಯುವುದು ತಪ್ಪು ಮಾಹಿತಿ. ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಜನ ವಿಚಾರಣೆ ಮುಗಿಯದೆಯೇ ಒಳಗಿದ್ದಾರೆ. ಚಿತ್ರದಲ್ಲಿ ಮಾತಾಡುತ್ತಿರುವವರು ವಿಚಾರಣಾಧೀನರೋ ಶಿಕ್ಷೆಗೊಳಗಾದವರೋ ಎಂಬುದನ್ನು ನಿರ್ದೇಶಕರು ಹೇಳಿದ್ದಾರೆಯೇ ಎಂದು ವಿದ್ಯಾರ್ಥಿಗಳು ಪ್ರತಿ ಸಲವೂ ನೋಡಬೇಕು. ಹೇಳದಿದ್ದರೆ ಅದನ್ನು ಕೊರತೆಯೆಂದೇ ಎಣಿಸಬೇಕು.

ಚಿತ್ರದ ಜೊತೆಗೆ ಏನನ್ನು ಓದಿಸಬೇಕು?

ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆಯ ಕನಿಷ್ಠ ಮಾನದಂಡ ನಿಯಮಗಳನ್ನು ತಪ್ಪದೆ ಓದಿಸಿ. 1955ರಲ್ಲಿ ರೂಪುಗೊಂಡ ಇವನ್ನು 2015ರಲ್ಲಿ ಪರಿಷ್ಕರಿಸಿ ನೆಲ್ಸನ್ ಮಂಡೇಲಾ ನಿಯಮಗಳೆಂದು ಕರೆಯಲಾಯಿತು. ಒಟ್ಟು 122 ನಿಯಮಗಳಿವೆ. ಅರ್ಥಪೂರ್ಣವಾದ ಮಾನವ ಸಂಪರ್ಕವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೂಡಿಹಾಕುವುದನ್ನು 44ನೆಯ ನಿಯಮ ಒಂಟಿ ಸೆರೆ ಎಂದು ಗುರುತಿಸುತ್ತದೆ, ಸತತ 15 ದಿನಗಳನ್ನು ಮೀರಿದರೆ ಅದು ದೀರ್ಘಾವಧಿಯ ಒಂಟಿ ಸೆರೆ. ಅಂತಹುದನ್ನು 43ನೆಯ ನಿಯಮ ನಿಷೇಧಿಸುತ್ತದೆ. ಒಂಟಿ ಸೆರೆಯ ಚಿತ್ರವೊಂದನ್ನು ನೋಡುವಾಗ ಈ ಎರಡು ನಿಯಮಗಳ ಪ್ರತಿ ಕೈಯಲ್ಲಿದ್ದರೆ, ಅಯ್ಯೋ ಎಂಬ ಉದ್ಗಾರದಲ್ಲೇ ನಿಲ್ಲುತ್ತಿದ್ದ ವಿದ್ಯಾರ್ಥಿ, ಯಾವ ನಿಯಮ ಎಲ್ಲಿ ಮುರಿಯಿತು ಎಂದು ಬರೆಯತೊಡಗುತ್ತಾನೆ.

ಒಂದು ದೇಶದ ಚಿತ್ರವನ್ನು ನೋಡಿ ಎಲ್ಲ ದೇಶಗಳ ಬಗ್ಗೆ ಮಾತಾಡಬಹುದೆ?

ಎಚ್ಚರ ಬೇಕು. ಏವಾ ಡುವರ್ನೆ ಅವರ ‘ಥರ್ಟೀನ್ತ್’ (2016) ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿಯನ್ನು ಆಧರಿಸಿದೆ. 1865ರ ಆ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಪಡಿಸುತ್ತಲೇ, ಅಪರಾಧಕ್ಕೆ ವಿಧಿಸಿದ ಶಿಕ್ಷೆಯ ರೂಪದಲ್ಲಿ ಅದಕ್ಕೆ ಎಡೆ ಬಿಟ್ಟಿತು. ಚಿತ್ರದ ವಾದ ಆ ಚರಿತ್ರೆಯಲ್ಲಿ ಬೇರೂರಿದೆ. ಅದನ್ನು ಹಾಗೆಯೇ ಕಿತ್ತು ಬೇರೆ ದೇಶದ ಮೇಲೆ ನೆಡಲಾಗದು. ಆದರೆ ಪ್ರತಿಯೊಂದು ದೇಶದಲ್ಲಿಯೂ ಯಾರು ಹೆಚ್ಚಾಗಿ ಒಳಗೆ ಹೋಗುತ್ತಾರೆ ಎಂಬ ಅದರ ಪ್ರಶ್ನೆಯನ್ನು ಮಾತ್ರ ಎಲ್ಲಿಗಾದರೂ ಒಯ್ಯಬಹುದು.

ಚಿತ್ರದ ಬದಲು ಸೆರೆಮನೆಗೇ ಭೇಟಿ ಕೊಡಿಸಿದರಾಗದೆ?

ಒಂದು ಗಂಟೆಯ ವೀಕ್ಷಣಾ ಪ್ರವಾಸವನ್ನು ನಾನು ಒಪ್ಪುವುದಿಲ್ಲ. ನೋಡಿಸಿಕೊಳ್ಳಲು ಒಪ್ಪದವರನ್ನು ಸಾಲಾಗಿ ನೋಡಿಕೊಂಡು ಬರುವುದು ಅದು. ಇದಕ್ಕೆ ಬೇರೆಯಾದ ದಾರಿಯೂ ಇದೆ: ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಲೋರಿ ಪೊಂಪಾ 1997ರಲ್ಲಿ ಪ್ರಾರಂಭಿಸಿದ ‘ಇನ್‌ಸೈಡ್-ಔಟ್’ ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳೂ ಸೆರೆಯಲ್ಲಿರುವವರೂ ಸೆರೆಮನೆಯೊಳಗೆ ಒಂದೇ ತರಗತಿಯಲ್ಲಿ, ಒಂದು ಪೂರ್ಣ ಅವಧಿ, ಒಂದೇ ಪಾಠವನ್ನು ಓದುತ್ತಾರೆ. ಅದು ಸಾಧ್ಯವಿರುವ ಕಡೆ ಸಾಕ್ಷ್ಯಚಿತ್ರ ಎರಡನೆಯ ಸ್ಥಾನಕ್ಕೆ ಸರಿಯಬೇಕು.

ಅನುಮತಿ, ಉಪಶೀರ್ಷಿಕೆ ಮೊದಲಾದ ವ್ಯವಸ್ಥೆಗಳು?

ಮನೆಯಲ್ಲಿ ನೋಡಲು ಕಟ್ಟಿದ ಚಂದಾ ತರಗತಿಯ ಪ್ರದರ್ಶನಕ್ಕೆ ಅನ್ವಯಿಸದಿರಬಹುದು. ಗ್ರಂಥಾಲಯದ ಮೂಲಕ ಶೈಕ್ಷಣಿಕ ಪರವಾನಗಿ ಪಡೆಯಿರಿ. ಸೆರೆಮನೆಯ ಚಿತ್ರಗಳಲ್ಲಿ ಪ್ರತಿಧ್ವನಿ ಹೆಚ್ಚಿರುವುದರಿಂದ ಭಾಷೆ ಬರುವವರಿಗೂ ಉಪಶೀರ್ಷಿಕೆ ಬೇಕಾಗುತ್ತದೆ.

ನನಗೆ ಸಿಗುವುದು ಒಂದೇ ಒಂದು ತರಗತಿ. ಏನು ಮಾಡಲಿ?

ಇಡೀ ಚಿತ್ರದ ಆಸೆ ಬಿಡಿ. ಯಾವುದಾದರೂ ಒಂದು ಚಿತ್ರದಿಂದ ಹತ್ತು ನಿಮಿಷದ ಭಾಗವನ್ನು ಆರಿಸಿಕೊಂಡು ಮೊದಲು ದನಿಯಿಲ್ಲದೆ, ಬಳಿಕ ದನಿಯೊಂದಿಗೆ, ಹೀಗೆ ಎರಡು ಸಲ ತೋರಿಸಿ. ಮೊದಲ ಸಲ ಕಂಡದ್ದನ್ನೂ ಎರಡನೆಯ ಸಲ ಕೇಳಿದ್ದನ್ನೂ ಎರಡು ಕಾಲಂಗಳಲ್ಲಿ ಬರೆಯಲು ಹೇಳಿ. ಉಳಿದ ಹೊತ್ತಿನಲ್ಲಿ, ಆ ಹತ್ತು ನಿಮಿಷ ಕ್ಯಾಮೆರಾ ಎಲ್ಲಿ ನಿಂತಿತ್ತು, ಅಲ್ಲಿ ನಿಲ್ಲಲು ಅದಕ್ಕೆ ಯಾರು ಬಿಟ್ಟಿರಬೇಕು, ಅದರ ಬೆನ್ನ ಹಿಂದೆ ಏನಿರಬಹುದು ಎಂಬ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳನ್ನು ಮಾತಾಡಲು ಬಿಡಿ.